ಮೊದಲು ಕನ್ನಡಕ, ಆಮೇಲೆ ಸೀಟು

ಗೊರೇಬಾಳದಲ್ಲಿ ರಸ್ತೆಗೆ ಹತ್ತಿಕೊಂಡೇ ಇರುವ ಕರೀಂಸಾಬ್‌ನ ಸೈಕಲ್ ಅಂಗಡಿಗೆ ನೀವು ಸೀಟು ಬದಲಿಸಲು ಹೋದಿರಿ ಎನ್ನಿ. ಅವನು ಸೀಟಿನ ಮಾತೇ ಎತ್ತುವುದಿಲ್ಲ. ಗೂಟಕ್ಕೆ ನೇತುಹಾಕಿದ ಬಿಳಿ ಗಾಜಿನ ಕನ್ನಡಕಗಳಲ್ಲಿ ಒಂದನ್ನು ತೆಗೆದು ಅಂಗಿಯ ತುದಿಯಿಂದ ಒರೆಸಿ ನಿಮ್ಮ ಕೈಗಿಡುತ್ತಾನೆ. ಹಾಕಿಕೊಂಡು ತೋರಿಸಬೇಕು. ಬೇಡ ಎಂದರೆ ಸೀಟೂ ಇಲ್ಲ, ಪಂಕ್ಚರೂ ಇಲ್ಲ. ಹೊಸಬರು ಇದನ್ನು ವ್ಯಾಪಾರದ ಜಾಣತನ ಎಂದುಕೊಳ್ಳುತ್ತಾರೆ. ಸಿಂಧನೂರಿನ ಮಾಸ್ತರನೊಬ್ಬ ಹಾಗೆಂದು ಅವನ ಮುಖಕ್ಕೇ ಹೇಳಿ ಹೋದ. ಕರೀಂಸಾಬ್ ತಲೆ ಎತ್ತಲಿಲ್ಲ. ನಾನಾಗಿದ್ದರೆ ಆ ಮಾಸ್ತರನ ಎರಡೂ ಗಾಲಿಯ ಗಾಳಿ ಬಿಟ್ಟು ಕಳಿಸುತ್ತಿದ್ದೆ.

ಮೊದಲು ಅವನು ಹೀಗಿರಲಿಲ್ಲ. ಎರಡು ಸುಗ್ಗಿಯ ಹಿಂದೆ ಅವನ ಮಗಳು ಶಾಹೀಸ್ತಾಳ ಎಡಗಣ್ಣು ಹೋಯಿತು. ಊರಿಗೆ ಗೊತ್ತಿದ್ದದ್ದು ಇಷ್ಟೇ: ಭತ್ತದ ಹೊಟ್ಟು ಬಿತ್ತು, ಕಣ್ಣು ಹೋಯಿತು. ಊರಿಗೆ ಗೊತ್ತಿರದಿದ್ದದ್ದು ಇನ್ನೊಂದಿತ್ತು. ಅದರಲ್ಲಿ ನನ್ನ ಕೈ ಇದೆ. ಕರೀಂಸಾಬ್ ಎಂಥವನು ಎಂದು ಹೇಳಲು ಕುಳಿತು ಅದೊಂದನ್ನು ನುಂಗಿಕೊಂಡರೆ ನಾನು ಮನುಷ್ಯನೇ ಅಲ್ಲ.

ನಾನು ಚನ್ನವೀರ. ಇಪ್ಪತ್ತಾರು ವರ್ಷದಿಂದ ಸೈಕಲ್ ಮೇಲೆ ಟಪಾಲು ಹಂಚುತ್ತೇನೆ. ಕಾಲುವೆ ದಂಡೆ ಹಿಡಿದು ಒಂದು ಕಡೆ ಹೊರಗಿನಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳು, ಇನ್ನೊಂದು ಕಡೆ ಹಳ್ಳಿಗಳು, ದಿನಕ್ಕೆ ಇಪ್ಪತ್ತೆರಡು ಕಿಲೋಮೀಟರು. ನಡುವೆ ಒಂದು ವರ್ಷ ನನಗೆ ಕೂರಲಾಗದಂಥ ನೋವು ಶುರುವಾಯಿತು. ಸಿಂಧನೂರಿನ ಬಜಾರಿನಿಂದ ಮೆತ್ತನೆಯ ಸೀಟು ಕವರು ತಂದು ಹಾಕಿದೆ. ನೋವು ಹೆಚ್ಚಾಯಿತು. ಕೊನೆಗೆ ಸೈಕಲ್ ತಳ್ಳಿಕೊಂಡೇ ಊರೂರು ತಿರುಗುತ್ತಿದ್ದವನನ್ನು ಕರೀಂಸಾಬ್ ತನ್ನ ಅಂಗಡಿಯ ಮುಂದೆ ತಡೆದು ನಿಲ್ಲಿಸಿದ.

"ಏನ್ ಪೋಸ್ಟಪ್ಪ, ಸೈಕಲ್ ನಿನ್ನ ಹೊರತೈತೋ, ನೀನ ಅದನ್ನ ಹೊರಾಕತ್ತೀಯೋ?"

"ಕುಂಡ್ರಾಕ ಆಗವಲ್ದು, ಕರೀಮಣ್ಣ."

ಅವನು ನನ್ನ ಹೊಸ ಕವರನ್ನು ಎರಡು ಬೆರಳಿನಿಂದ ಒತ್ತಿ ನೋಡಿದ. "ಇದು ಹಾಸಿಗಿ. ಸೈಕಲ್ ಮ್ಯಾಗ ಮಲಗಾಕ ಹೊಂಟೀಯೇನು? ಮೆತ್ತಗಿದ್ದಷ್ಟು ಒಳಗ ಇಳೀತಿ, ಇಳದಷ್ಟು ತಿಕ್ಕತೈತಿ. ಬಾ ಒಳಗ."

ಒಳಗೆ ಅಗಲವಾದ ತಗಡಿನ ತಟ್ಟೆಯಲ್ಲಿ ಅಕ್ಕಿ ಗಿರಣಿಯ ತೌಡು ತುಂಬಿ, ಮೇಲೆ ಹಳೆಯ ಲುಂಗಿ ಹಾಸಿ, ಸ್ಟೂಲಿನ ಮೇಲಿಟ್ಟಿದ್ದ. ಅದರ ಮೇಲೆ ಕೂತು, ಹ್ಯಾಂಡಲ್ ಹಿಡಿದವನ ಹಾಗೆ ಸ್ವಲ್ಪ ಬಾಗಿ, ಹತ್ತು ಎಣಿಸಿ ಎದ್ದೇಳು ಎಂದ. ಎದ್ದಾಗ ತೌಡಿನಲ್ಲಿ ಎರಡು ಕುಳಿ ಬಿದ್ದಿದ್ದವು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ದಾರ ಹಿಡಿದು ಅಳತೆ ತೆಗೆದ. "ನಿನ್ನ ಎಲುಬು ಇಲ್ಲಿ ಅದಾವ. ಸೀಟು ಹೊರಬೇಕಾದ್ದು ಇವೆರಡನ್ನ. ಉಳದದ್ದನ್ನ ಹೊರಸಾಕ ಹೋದ್ರ ನೋವಾಗ್ದಾ ಇರ್ತೈತೇನು?"

ಆಮೇಲೆ ಮೂಲೆಯ ಗೋಣಿಚೀಲ ಸುರುವಿದ. ಅದರೊಳಗೆ ಮೂವತ್ತು ನಲವತ್ತು ಹಳೆಯ ಸೀಟುಗಳು. ಗುಜರಿಗೆ ಹೋಗಬೇಕಿದ್ದವನ್ನು ಆರಿಸಿ ತಂದು, ತೊಗಲು ಹೊಲಿದು, ರಿವೆಟ್ ಹೊಡೆದು ಇಟ್ಟವು. ದಾರ ಹಿಡಿದು ನೋಡಿ ಒಂದನ್ನು ತೆಗೆದ. ಗಟ್ಟಿಯಾಗಿತ್ತು, ಬಡಿದರೆ ಹಲಗೆಯ ಸಪ್ಪಳ. ಹಾಕಿ, ಅದರ ಮೇಲೆ ಅರ್ಧ ನೀರು ತುಂಬಿದ ಬಾಟಲಿಯನ್ನು ಮಲಗಿಸಿ, ಸೀಟಿನ ಮುಂದಿನ ಮೂಗು ಮೇಲೆ ಕೆಳಗೆ ಆಗದಂತೆ ಸಮ ಮಾಡಿದ. ಹಿಮ್ಮಡಿ ಪೆಡಲ್ ಮೇಲಿಟ್ಟಾಗ ಕಾಲು ನೆಟ್ಟಗಾಗುವಷ್ಟು ಎತ್ತರಿಸಿದ. "ಒಂದು ವಾರ ಹೊಡಿ. ಆಗಲಿಲ್ಲಂದ್ರ ಮತ್ತೊಂದು ನೋಡೂಣು. ಆರಾಮ ಆದ ಮ್ಯಾಲೆ ರೊಕ್ಕ ಕೊಡು." ಮೂರನೆಯ ದಿನ ನನ್ನ ನೋವು ಎತ್ತ ಹೋಯಿತೋ ಗೊತ್ತಾಗಲಿಲ್ಲ. ಅಂದಿನಿಂದ ನಾನು ಅವನ ಬಳಿ ದಿನಕ್ಕೊಮ್ಮೆ ಕೂರದೆ ಮನೆಗೆ ಹೋದವನಲ್ಲ.

ಹೆಂಗಸರಿಗೆ ತೌಡಿನ ತಟ್ಟೆ ಹಿಂದಿನ ಕೋಣೆಯಲ್ಲಿ, ಪರದೆಯ ಆಚೆ. ಅಲ್ಲಿ ದಾರ ಹಿಡಿಯುವವಳು ಅವನ ಹೆಂಡತಿ ದಾವಲ್‌ಬೀ. ಅಂಗನವಾಡಿ ಟೀಚರು, ಹೈಸ್ಕೂಲಿನ ಹುಡುಗಿಯರು ಅಂಗಡಿಯಲ್ಲಿ ನಿಂತು "ಸೀಟು ಸರಿ ಇಲ್ರೀ" ಎಂದಷ್ಟೇ ಹೇಳುತ್ತಿದ್ದರು. ಎಲ್ಲಿ ನೋವು ಎಂದು ಅವರು ಹೇಳುವಂತಿಲ್ಲ, ಇವನು ಕೇಳುವಂತಿಲ್ಲ. ದಾವಲ್‌ಬೀ ಒಳಗೆ ಕರೆದು ಕೇಳಿ, ಗಂಟು ಹಾಕಿದ ದಾರವನ್ನು ಪರದೆಯಿಂದ ಈಚೆ ಚಾಚುತ್ತಿದ್ದಳು. ಆ ದಾರದ ಉದ್ದ ನೋಡಿ ಇವನು ಸೀಟು ಆರಿಸುತ್ತಿದ್ದ.

ಕರೀಂಸಾಬ್ ಕೆಲಸ ಕಲಿತದ್ದು ಲಿಂಗಸುಗೂರಿನಲ್ಲಿ, ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುವ ಅಂಗಡಿಯೊಂದರಲ್ಲಿ. ಮದುವೆಯಾದ ಮೇಲೆ ಕೆಲವು ವರ್ಷ ಮಸ್ಕಿಯಲ್ಲಿದ್ದು, ಆಮೇಲೆ ಹೆಂಡತಿಯ ಊರಾದ ಇಲ್ಲಿಗೆ ಬಂದ. ಅವನ ಜೊತೆ ಕಲಿತವರೆಲ್ಲ ಮೋಟಾರ್ ಸೈಕಲ್ಲಿಗೆ ಹೊರಳಿ ದೊಡ್ಡ ಅಂಗಡಿ ಮಾಡಿದರು. ಇವನು ಹೊರಳಲಿಲ್ಲ. ಯಾಕೆಂದು ಕೇಳಿದರೆ, "ಬೈಕ್ ಕೆಟ್ರ ಮಂದಿ ಬಯ್ತಾರ, ಸೈಕಲ್ ಕೆಟ್ರ ಮಾತಾಡಿಸ್ತಾರ" ಎನ್ನುತ್ತಿದ್ದ. ಹಟ ಎನ್ನಿ, ಪ್ರೀತಿ ಎನ್ನಿ. ನನಗೆ ಅದು ಬರೀ ಹಟವಾಗಿ ಕಂಡದ್ದೂ ಉಂಟು.

ಕನ್ನಡಕ ಬಂದದ್ದು ಹಟ್ಟಿಯಿಂದ. ದಾವಲ್‌ಬೀಯ ತಮ್ಮ ಅಮ್ಜದ್ ಅಲ್ಲಿ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಾನೆ. ಅವನು ಒಮ್ಮೆ ಕೆಲಸದ ಕನ್ನಡಕ ಹಾಕಿಕೊಂಡೇ ಬಂದಿದ್ದ. ಬಿಳಿ ಗಾಜು, ಗಾಜಲ್ಲ ಗಟ್ಟಿ ಪ್ಲಾಸ್ಟಿಕ್ಕು, ಕಿವಿಯ ಕಡೆಗೂ ಮರೆ. ಕರೀಂಸಾಬ್ ಅದನ್ನು ಹಾಕಿಕೊಂಡು ಕಾಲುವೆ ದಂಡೆಯ ಮೇಲೆ ಸಂಜೆ ಒಂದು ಸುತ್ತು ಹೊಡೆದು ಬಂದ. ಆ ಹೊತ್ತಿಗೆ ಗದ್ದೆಯಿಂದ ಏಳುವ ಹುಳಗಳು ಕಣ್ಣಿಗೆ ಬಡಿಯುವುದು ಸೈಕಲ್ ಹೊಡೆಯುವವರಿಗೇ ಗೊತ್ತು. ಒಂದೂ ಒಳಗೆ ಬರಲಿಲ್ಲವಂತೆ. ಮರುವಾರವೇ ಲಿಂಗಸುಗೂರಿನ ಹಾರ್ಡ್‌ವೇರ್ ಅಂಗಡಿಯಿಂದ ಅಂಥದೇ ಒಂದು ಡಜನ್ ತಂದ. ಊರಿನವರು ಅದಕ್ಕೆ ಹಟ್ಟಿ ಕನ್ನಡಕ ಎಂದು ಹೆಸರಿಟ್ಟರು.

ಹುಡುಗರು ಕೇಳುತ್ತಿದ್ದದ್ದು ಕರಿ ಗಾಜಿನದು, ಇಲ್ಲವೆ ಫೋನಿನಲ್ಲಿ ನೋಡಿದ ಬಣ್ಣಬಣ್ಣದ ಹೊಳೆಯುವ ಗಾಜಿನದು. ಕರೀಂಸಾಬ್ ಅವರನ್ನು ಬೈದೇ ಕಳಿಸುತ್ತಿದ್ದ. "ಸಂಜಿಮುಂದ ಕರೇ ಗ್ಲಾಸ್ ಹಾಕ್ಕೊಂಡ್ರ ಲೈಟ್ ಇಲ್ದ ನಿಂತ ಟ್ರ್ಯಾಕ್ಟರ್ ಹ್ಯಾಂಗ ಕಾಣತೈತಿ ಲೇ? ಚಂದ ಕಾಣೂದಲ್ಲ, ಕಣ್ಣಿಗೆ ಕಾಣಬೇಕು." ಆದರೂ ಆಗ ಒತ್ತಾಯವಿರಲಿಲ್ಲ. ಬೇಕಾದವರು ಒಯ್ಯುತ್ತಿದ್ದರು, ಬೇಡವಾದವರು ಬಿಡುತ್ತಿದ್ದರು. ಕೈಯಲ್ಲಿ ಇರುವ ದುಡ್ಡು ಒಂದೇ ಸಾಮಾನಿಗೆ ಸಾಲುವಷ್ಟು ಎಂದರೆ ಮೊದಲು ಸೀಟು ತೆಗೆದುಕೋ, ಕನ್ನಡಕ ಮುಂದಿನ ತಿಂಗಳು ನೋಡೋಣ ಎಂದು ಅವನೇ ಹೇಳುತ್ತಿದ್ದ. ಆ ಮಾತನ್ನು ಈಗ ಅವನಿಗೆ ನೆನಪಿಸುವ ಧೈರ್ಯ ಯಾರಿಗೂ ಇಲ್ಲ.

ಶಾಹೀಸ್ತಾ ಅವನ ಒಬ್ಬಳೇ ಮಗಳು. ಆಗ ಅವಳಿಗೆ ಹದಿನೈದು. ಶಾಲೆಯ ಆಟೋಟದಲ್ಲಿ ಸುಮ್ಮನೆ ಹೊಡೆದ ಸೈಕಲ್ಲು ತಾಲೂಕು ದಾಟಿ ಜಿಲ್ಲೆಗೆ ಹೋಯಿತು. ಡಿಸೆಂಬರ್ ಕೊನೆಯ ಭಾನುವಾರ ರಾಯಚೂರಿನಲ್ಲಿ ಕ್ರೀಡಾ ವಸತಿ ಶಾಲೆಗೆ ಆಯ್ಕೆ ಎಂದು ಕಾಗದ ಬಂತು. ಆ ಕಾಗದ ತಂದುಕೊಟ್ಟವನು ನಾನೇ. ಆಯ್ಕೆಯಾದರೆ ಊಟ, ಓದು, ಒಳ್ಳೆಯ ಸೈಕಲ್ಲು, ಎಲ್ಲ ಅವರದೇ. ಮಗಳಿಗೆ ಬಂದ ವರಗಳನ್ನು ಇನ್ನೂ ಐದು ವರ್ಷ ಹಿಂದಕ್ಕೆ ಕಳಿಸಲು ದಾವಲ್‌ಬೀಗೆ ಒಂದು ಕಾರಣ ಸಿಗುತ್ತದೆ. ಮನೆಯವರೆಲ್ಲ ಆ ಭಾನುವಾರವನ್ನೇ ನೋಡುತ್ತ ಬದುಕುತ್ತಿದ್ದರು.

ಕರೀಂಸಾಬ್ ಬೇರೆ ಬೇರೆ ಕಡೆಯಿಂದ ಬಿಡಿ ಭಾಗ ತಂದು ಅವಳಿಗೆ ರೇಸ್ ಸೈಕಲ್ ಕಟ್ಟಿದ. ಸೀಟಿಗಾಗಿ ಮಾತ್ರ ಮೂರು ತಿಂಗಳು ಒದ್ದಾಡಿದ. ಮೊದಲನೆಯದು ಅಗಲ, ತೊಡೆ ಉಜ್ಜುತ್ತಿತ್ತು. ಎರಡನೆಯದು ಸಣ್ಣದು, ಎಲುಬು ಆಚೆ ಹೋಗುತ್ತಿತ್ತು. ಮೂರನೆಯದರ ಅಳತೆ ಸರಿ, ಆದರೆ ಪೂರ್ತಿ ಬಾಗಿ ಹೊಡೆದಾಗ ಮೂಗು ಒತ್ತುತ್ತಿತ್ತು ಎಂದು ಅವ್ವನ ಕಿವಿಯಲ್ಲಿ ಹೇಳಿದಳು. ಕೊನೆಗೆ ನಡುವೆ ಸೀಳು ಇರುವ ಒಂದನ್ನು ದೂರದಿಂದ ತರಿಸಿದ. ಆ ಪಾರ್ಸಲ್ಲನ್ನೂ ನಾನೇ ತಂದೆ. ನಾನು ನಿಂತಂತೆಯೇ ಬಿಚ್ಚಿ, ದಾರ ಹಿಡಿದು ನೋಡಿ, ಅವನು ಮಗುವಿನ ತಲೆ ಸವರುವಂತೆ ಆ ಸೀಟನ್ನು ಸವರಿದ. ಶಾಹೀಸ್ತಾ ಮಸ್ಕಿಯ ತನಕ ಹೋಗಿ ಬಂದಳು. ಇಳಿದವಳು ಕುಂಟಲಿಲ್ಲ, ನಕ್ಕಳು.

ಉಳಿದದ್ದು ಕನ್ನಡಕ. ಹಟ್ಟಿ ಕನ್ನಡಕ ಅವಳಿಗಿತ್ತು. ಆದರೆ ಸುಗ್ಗಿಯ ಧೂಳಿಗೆ ಅವಳು ಮೂಗು ಬಾಯಿಗೆ ಓಡ್ನಿ ಕಟ್ಟಿಕೊಳ್ಳುತ್ತಿದ್ದಳು. ಉಸಿರು ಮೇಲಕ್ಕೆ ಹೋಗಿ ಗಾಜಿಗೆ ಮಂಜು ಕಟ್ಟುತ್ತಿತ್ತು. ಕರೀಂಸಾಬ್ ಉಪಾಯ ಕಂಡುಹಿಡಿದ: ಗಾಜಿನ ಮೇಲಂಚಿಗೆ ಎರಡೆರಡು ಸಣ್ಣ ತೂತು. ನೀಲಿ ಸ್ಕೆಚ್ ಪೆನ್ನಿನಿಂದ ನಾಲ್ಕು ಚುಕ್ಕೆ ಇಟ್ಟ. ಅಷ್ಟರಲ್ಲಿ ಸಣ್ಣ ಡ್ರಿಲ್ ಕಡ್ಡಿ ಮುರಿಯಿತು. ಸಿಂಧನೂರಿನಿಂದ ಇನ್ನೊಂದು ತರಬೇಕು. ಸುಗ್ಗಿಯ ದಿನ, ಅಂಗಡಿಯ ಮುಂದೆ ಸೈಕಲ್ಲುಗಳ ಸಾಲು. ಇವತ್ತು ನಾಳೆ ಎನ್ನುತ್ತ ಮೂರು ದಿನವಾಯಿತು. ಕನ್ನಡಕ ಚುಕ್ಕೆ ಇಟ್ಟುಕೊಂಡು ಅವನ ಕೆಲಸದ ಮಣೆಯ ಮೇಲೆಯೇ ಇತ್ತು. ಶಾಹೀಸ್ತಾ ಬರಿಗಣ್ಣಿನಲ್ಲೇ ಅಭ್ಯಾಸಕ್ಕೆ ಹೋಗುತ್ತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ, ರಸ್ತೆಯ ಪಕ್ಕದ ಗದ್ದೆಯಲ್ಲಿ ಕೊಯ್ಯುವ ಯಂತ್ರ ನಡೆಯುತ್ತಿತ್ತು. ಗಾಳಿ ರಸ್ತೆಯ ಕಡೆಗಿತ್ತು. ಹೊಟ್ಟು ಅವಳ ಎಡಗಣ್ಣಿಗೆ ಬಿತ್ತು.

ನಮ್ಮಲ್ಲಿ ಹೊಟ್ಟು ಬಿದ್ದರೆ ಮೊದಲು ಹೋಗುವುದು ಗದ್ದೆಮ್ಮನ ಮನೆಗೆ. ಆಕೆ ರೆಪ್ಪೆ ಮಡಚಿ ನಾಲಿಗೆಯ ತುದಿಯಿಂದ ಹೊಟ್ಟು ತೆಗೆಯುವ ಮುದುಕಿ. ಅರ್ಧ ಊರಿನ ಕಣ್ಣು ಆಕೆ ನೋಡಿದ್ದಾಳೆ. ಶಾಹೀಸ್ತಾಳ ಕಣ್ಣಿನಿಂದಲೂ ತೆಗೆದಳು. ತೆಗೆದು ಕರೀಂಸಾಬ್‌ಗೆ ಹೇಳಿದಳು: "ಹೊಟ್ಟು ಬಂತಪ. ಆದ್ರ ಕರೀ ಗುಡ್ಡಿ ಮ್ಯಾಲ ಗೀರು ಬಿದ್ದೈತಿ. ಮತ್ತೇನೂ ಹಾಕಬ್ಯಾಡ್ರಿ. ಸಿಂಧನೂರಿಗೆ ಕಣ್ಣಿನ ಡಾಕ್ಟರ್ ಕಡೆ ಒಯ್ಯಿರಿ."

ನಾನು ಅಲ್ಲೇ ನಿಂತಿದ್ದೆ. ನಕ್ಕೆ. ನಾಲಿಗೆ ಹಾಕಿ ಕಣ್ಣು ತೊಳೆಯುವವಳು ಡಾಕ್ಟರ್ ಹೆಸರು ಹೇಳುತ್ತಾಳಲ್ಲ ಎಂದು ನಕ್ಕೆ. ನಾನು ಟಪಾಲಿನವನು, ನಾಲ್ಕಕ್ಷರ ಓದಿದವನು, ಸರ್ಕಾರದ ಕಾಗದ ಬಂದರೆ ಊರಿಗೆ ಓದಿ ಹೇಳುವವನು. "ಸಿಂಧನೂರಿಗೆ ಯಾಕ ಹೋಗ್ತಿ? ಸುಗ್ಗಿ ದಿನ, ದವಾಖಾನಿ ಮುಂದ ಜಾತ್ರಿ ಇರತೈತಿ. ನಮ್ಮನ್ಯಾಗ ಆಪರೇಷನ್ ಡ್ರಾಪ್ಸ್ ಅದಾವ. ಎರಡು ದಿನದಾಗ ಹುಡುಗಿ ಸೈಕಲ್ ಹತ್ತತಾಳ" ಎಂದೆ.

ಆ ಡ್ರಾಪ್ಸ್ ನನ್ನ ತಾಯಿ ಶೇಖರಮ್ಮನದು. ಹಿಂದಿನ ವರ್ಷ ಆಕೆಗೆ ಪೊರೆ ತೆಗೆಸಿದಾಗ ಕೊಟ್ಟದ್ದರಲ್ಲಿ ಎರಡು ಬಾಟಲಿ ಉಳಿದಿದ್ದವು. ದೇವರ ಗೂಡಿನಲ್ಲಿ ವಿಭೂತಿ ಡಬ್ಬಿಯ ಪಕ್ಕ ಇಟ್ಟಿದ್ದೆವು. ಆಪರೇಷನ್ನಿಗೇ ಕೊಟ್ಟ ಔಷಧಿ ಎಂದ ಮೇಲೆ ಅದಕ್ಕಿಂತ ದೊಡ್ಡದು ಇರುತ್ತದೆಯೆ? ಓಣಿಯಲ್ಲಿ ಯಾರ ಕಣ್ಣು ಕೆಂಪಾದರೂ ನಮ್ಮ ಮನೆಗೇ ಬರುತ್ತಿದ್ದರು. ಎರಡು ಹನಿ ಬಿಟ್ಟರೆ ಕೆಂಪು ಇಳಿಯುತ್ತಿತ್ತು. ಕೊಡುವಾಗ ನನಗೆ ಹೆಮ್ಮೆಯೂ ಬರುತ್ತಿತ್ತು.

ಬಾಟಲಿ ಅಲುಗಾಡಿಸಿ, ಅವಳ ರೆಪ್ಪೆ ಎತ್ತಿ, ಮೊದಲ ಹನಿ ಬಿಟ್ಟವನು ನಾನು. ಮೂರನೆಯ ದಿನ ಕೆಂಪು ಇಳಿಯಿತು. "ಭಾಳ ಕಡಿಮಿ ಆಗೈತಿ ಮಾಮಾ" ಎಂದಳು. ಅಂದು ಸೈಕಲ್ ಕೂಡ ಹೊಡೆದಳು. ನಾನು ಗದ್ದೆಮ್ಮನ ಮನೆಯ ಮುಂದೆ ಬೇಕೆಂದೇ ನಿಂತು ಬೆಲ್ ಬಾರಿಸಿ ಹೋದೆ.

ಎಂಟನೆಯ ದಿನ ಕರಿ ಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡಿತು. ಕರೀಂಸಾಬ್ ಬಂದು, "ಚನ್ನವೀರಪ್ಪ, ಒಮ್ಮಿ ಡಾಕ್ಟರಗ ತೋರಸಲೇನು?" ಎಂದು ನನ್ನನ್ನು ಕೇಳಿದ. ನನ್ನನ್ನು! ನಾನು ಹೇಳಿದೆ: "ಗೀರು ಮಾಯಾಕತ್ತೈತಿ, ಅದಕ್ಕ ಬೆಳ್ಳಗ ಕಾಣತೈತಿ. ದಿನಕ್ಕ ಮೂರು ಸಲ ಇದ್ದದ್ದು ಆರು ಸಲ ಹಾಕ್ರಿ. ಇದು ಮುಗದ್ರ ಇನ್ನೊಂದು ಬಾಟ್ಲಿ ಐತಿ."

ಹನ್ನೊಂದನೆಯ ದಿನ ಅವಳು ನೋವಿಗೆ ಗೋಡೆಗೆ ತಲೆ ಬಡಿದುಕೊಳ್ಳತೊಡಗಿದಳು. ಜೀಪು ಮಾಡಿಕೊಂಡು ರಾಯಚೂರಿಗೆ ಹೋದೆವು. ಮಾತಾಡಲು ಬರುತ್ತದೆಂದು ನನ್ನನ್ನೂ ಕರೆದುಕೊಂಡರು. ಡಾಕ್ಟರಮ್ಮ ಕಣ್ಣು ನೋಡಿ, ಪಟ್ಟಿ ಕಟ್ಟಿಸಿ, ನಮ್ಮ ಕಡೆ ತಿರುಗಿದಳು.

"ಏನು ಹಾಕಿದ್ದೀರಿ ಕಣ್ಣಿಗೆ?"

ಮಾತಾಡಲು ಹೋದವನು ನಾನು. ಆದರೆ ಕರೀಂಸಾಬ್ ಹೇಳಿದ: "ಡ್ರಾಪ್ಸ್ ರೀ. ಹಾಲಿನಂಗ ಇರತೈತಿ, ಅಲುಗಾಡಿಸಿ ಹಾಕೂದು. ಆಪರೇಷನ್ ಆದವರಿಗೆ ಕೊಡ್ತಾರಲ್ರೀ, ಅದು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಅದು ಬಾವು ಇಳಿಸುವ ಔಷಧಿ. ಕೆಂಪು ಇಳಿಯುತ್ತದೆ, ವಾಸಿಯಾಯಿತು ಎಂದು ನೀವು ತಿಳಿಯುತ್ತೀರಿ. ಭತ್ತದ ಹೊಟ್ಟಿನ ಜೊತೆ ಕಣ್ಣಿಗೆ ಬೂಷ್ಟು ಹೋಗಿದೆ. ಬೂಷ್ಟಿಗೆ ಈ ಔಷಧಿ ಗೊಬ್ಬರ ಇದ್ದಹಾಗೆ. ನೀವು ಹನ್ನೊಂದು ದಿನ ಗೊಬ್ಬರ ಹಾಕಿದ್ದೀರಿ. ಮೊದಲ ದಿನ ಬಂದಿದ್ದರೆ ಈ ಕಣ್ಣು ಬಹುಶಃ ಉಳಿಯುತ್ತಿತ್ತು. ಯಾರು ಕೊಟ್ಟರು ನಿಮಗೆ ಅದನ್ನು?"

ನಾನು ನೆಲ ನೋಡುತ್ತಿದ್ದೆ. ಕರೀಂಸಾಬ್ ನನ್ನ ಕಡೆ ತಿರುಗಲೂ ಇಲ್ಲ.

"ಮೆಡಿಕಲ್‌ನ್ಯಾಗ ನಾನಽ ಕೇಳಿ ತಂದ್ನಿರೀ" ಎಂದ.

ಡಾಕ್ಟರಮ್ಮ ಅವನನ್ನು ಬೈದಳು. ಮಗಳ ಕಣ್ಣು ಕಳೆದ ಅಪ್ಪ ಎಂದಳು. ಅವನು ಕೈಕಟ್ಟಿ ನಿಂತು ಎಲ್ಲವನ್ನೂ ತೆಗೆದುಕೊಂಡ. ಅಷ್ಟು ಹೊತ್ತಿನಲ್ಲಿ ನನಗೆ ಬಾಯಿ ಬಿಡಲು ನೂರು ಸಲ ಅವಕಾಶವಿತ್ತು. ನಾನು ಬಿಡಲಿಲ್ಲ. ದಾವಲ್‌ಬೀ ಮತ್ತು ಶಾಹೀಸ್ತಾ ಅಲ್ಲೇ ಉಳಿದರು, ನಾವಿಬ್ಬರು ಬಸ್ಸು ಹತ್ತಿದೆವು. ಮಾನ್ವಿ ದಾಟಿದ ಮೇಲೆ ಅವನು ಮಾತಾಡಿದ.

"ನಾಕು ತೂತು ಹಾಕೂದು ಎಷ್ಟೊತ್ತಿನ ಕೆಲಸ, ಚನ್ನವೀರಪ್ಪ? ಹತ್ತು ನಿಮಿಷ."

ಆಗಲಾದರೂ ನಾನು ಹೇಳಬಹುದಿತ್ತು, ಕಣ್ಣು ಹೋದದ್ದು ನಿನ್ನ ತೂತಿನಿಂದಲ್ಲ, ನನ್ನ ಬಾಟಲಿಯಿಂದ ಎಂದು. ಅವನು ತಪ್ಪನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಾನೆ ಎಂದು ತಿಳಿಯಿತು. ಎಳೆದುಕೊಳ್ಳಲಿ ಎಂದು ಸುಮ್ಮನೆ ಕಿಟಕಿಯ ಆಚೆ ನೋಡಿದೆ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಹೇಸಿ ಕೆಲಸ ಹಾಗೆ ಸುಮ್ಮನಿದ್ದದ್ದು. ಹನಿ ಹಾಕಿದ್ದು ತಿಳಿಯದೆ ಹಾಕಿದ್ದು. ಇದು ತಿಳಿದೇ ಮಾಡಿದ್ದು.

ತಿಂಗಳುಗಟ್ಟಲೆ ದಾವಲ್‌ಬೀ ತಾಸಿಗೊಮ್ಮೆ ಔಷಧಿ ಹಾಕಿದಳು. ಡಿಸೆಂಬರ್ ಕೊನೆಯ ಭಾನುವಾರ ಬಂದು ಹೋಯಿತು. ಅಂದು ಶಾಹೀಸ್ತಾ ಅದೇ ರಾಯಚೂರಿನಲ್ಲೇ ಇದ್ದಳು, ಆಸ್ಪತ್ರೆಯ ಮಂಚದ ಮೇಲೆ. ಗುಡ್ಡೆ ಉಳಿಯಿತು, ನೋಟ ಉಳಿಯಲಿಲ್ಲ. ಈಗ ಆ ಕಣ್ಣು ಪೂರ್ತಿ ಬೆಳ್ಳಗಿದೆ. ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಕರೀಂಸಾಬ್ ಒಂದೇ ಮಾತು ಹೇಳಿದ: ಹೊಟ್ಟು ಬಿತ್ತು, ಕನ್ನಡಕ ಕೊಟ್ಟಿರಲಿಲ್ಲ, ನನ್ನ ತಪ್ಪು. ಔಷಧಿಯ ಹೆಸರೇ ಎತ್ತಲಿಲ್ಲ. ನನ್ನ ಜೊತೆ ಮಾತು ಬಿಡಲಿಲ್ಲ. ಚಹಾ ತರಿಸುವುದನ್ನೂ ಬಿಡಲಿಲ್ಲ. ಅವನು ಒಮ್ಮೆ ಕೊರಳಪಟ್ಟಿ ಹಿಡಿದಿದ್ದರೆ ನಾನು ಆರಾಮಾಗಿ ನಿದ್ದೆ ಮಾಡುತ್ತಿದ್ದೆ.

ಅವನು ಬದಲಾದದ್ದು ಕನ್ನಡಕದ ವಿಷಯದಲ್ಲಿ ಮಾತ್ರ. ಪ್ರತಿಯೊಂದಕ್ಕೂ ನಾಲ್ಕು ತೂತು ಹಾಕಿಯೇ ಗೂಟಕ್ಕೆ ನೇತುಹಾಕುತ್ತಾನೆ. ಕೊಳ್ಳಲಾಗದವರಿಗೆ ಸುಮ್ಮನೆ ಕೊಡುತ್ತಾನೆ. ಶಾಹೀಸ್ತಾ ಹತ್ತನೆಯದು ಮುಗಿಸಿ ಅಂಗಡಿಯಲ್ಲೇ ಕೂತಳು. ರೇಸ್ ಸೈಕಲ್ ಮಾಡಿನ ಕೊಕ್ಕೆಗೆ ನೇತಾಡುತ್ತಿದೆ. ಹೋದ ವರ್ಷ ವಳಕಮದಿನ್ನಿಯಿಂದ ಒಬ್ಬ ಹುಡುಗಿ ಅದೇ ಆಯ್ಕೆಗೆ ಹೋಗುವವಳು ಬಂದಳು. ದಾವಲ್‌ಬೀ ಪರದೆಯಿಂದ ಈಚೆ ಚಾಚಿದ ದಾರ ಶಾಹೀಸ್ತಾಳ ದಾರದಷ್ಟೇ ಉದ್ದವಿತ್ತು. ಕರೀಂಸಾಬ್ ದಾರ ಹಿಡಿದು ಮಾಡಿನ ಕಡೆ ನೋಡಿದ. ಶಾಹೀಸ್ತಾಳೇ ಪಾನಾ ತೆಗೆದುಕೊಂಡು ಸ್ಟೂಲು ಹತ್ತಿ, ನೇತಾಡುವ ಸೈಕಲ್ಲಿನಿಂದ ಸೀಳು ಸೀಟು ಬಿಚ್ಚಿ ಕೊಟ್ಟಳು. ಆ ಹುಡುಗಿ ಆಯ್ಕೆಯಾದಳು. ಸುದ್ದಿ ಬಂದ ದಿನ ಕರೀಂಸಾಬ್ ಸೀಟಿಲ್ಲದ ಆ ಕೊಳವೆಯ ಬಾಯಿಗೆ ಬಟ್ಟೆ ಕಟ್ಟಿದ, ಒಳಗೆ ಧೂಳು ಹೋಗದಿರಲಿ ಎಂದು.

ಇನ್ನು ಕಳೆದ ಬುಧವಾರದ ಮಾತು. ಮತ್ತೆ ಸುಗ್ಗಿ. ನನ್ನ ಸೀಟಿನ ರಿವೆಟ್ ಹಾರಿಹೋಗಿ, ಹೊತ್ತು ಇಳಿಯುವ ಮುಂಚೆ ಅಂಗಡಿಗೆ ಹೋದೆ. ಕರೀಂಸಾಬ್ ಕನ್ನಡಕ ತರಲು ಲಿಂಗಸುಗೂರಿಗೆ ಹೋಗಿದ್ದ. ಶಾಹೀಸ್ತಾ ಒಬ್ಬಳೇ ಇದ್ದಳು. ಉಳಿದ ಒಂದು ಕಣ್ಣಿಗಾಗಿ ಅವಳು ದಿನವೆಲ್ಲ ಹಟ್ಟಿ ಕನ್ನಡಕ ಹಾಕಿಯೇ ಇರುತ್ತಾಳೆ. ರಿವೆಟ್ ಹೊಡೆಯುವಾಗ ಒಂದು ಏಟು ತಪ್ಪಿ ಬೆರಳಿಗೆ ಬಿತ್ತು. ಒಂದೇ ಕಣ್ಣಿಗೆ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡು, ತೆಗೆದು, ಮತ್ತೆ ಸುತ್ತಿಗೆ ಹಿಡಿದಳು. ತಲೆ ಎತ್ತದೆ ಕೇಳಿದಳು.

"ಮಾಮಾ, ಆಗ ಎರಡು ಬಾಟ್ಲಿ ಇದ್ವಲ್ರೀ. ಒಂದು ನನಗ ಮುಗೀತು. ಇನ್ನೊಂದು ಒಗದ್ರ್ಯೋ ಇಲ್ಲೋ?"

"ನಿನಗ... ಡಾಕ್ಟರಮ್ಮ ಹೇಳಿದ್ದು..."

"ಪಟ್ಟಿ ಕಣ್ಣಿಗೆ ಕಟ್ಟಿದ್ರು ಮಾಮಾ, ಕಿವಿಗಲ್ಲ." ಸಿಟ್ಟಿರಲಿಲ್ಲ ದನಿಯಲ್ಲಿ. "ಅಬ್ಬಾ ಹೇಳಬ್ಯಾಡ ಅಂದಾನ, ಹೇಳಿಲ್ಲ. ಸುಗ್ಗಿ ಬಂತಲ್ಲ, ಯಾರರ ಕೇಳ್ಕೊಂತ ಬರ್ತಾರಂತ ಅಂದೆ."

"ಒಗದೀನವ್ವಾ" ಎಂದೆ. ಸುಳ್ಳು. ಎರಡು ವರ್ಷದಿಂದ ಅದು ದೇವರ ಗೂಡಿನಲ್ಲೇ ಇತ್ತು. ಒಗೆದರೆ ಯಾಕೆ ಎಂದು ಅವ್ವ ಕೇಳುತ್ತಿದ್ದಳು, ಹೇಳಬೇಕಾಗುತ್ತಿತ್ತು. ಅಷ್ಟಕ್ಕಾಗಿ ಇಟ್ಟಿದ್ದೆ.

ನೆಟ್ಟಗೆ ಮನೆಗೆ ಬಂದೆ. ಗೂಡಿನಲ್ಲಿ ವಿಭೂತಿ ಡಬ್ಬಿ ಇತ್ತು, ಬಾಟಲಿ ಇರಲಿಲ್ಲ. ಅವ್ವ ಅಕ್ಕಿ ಹಸನು ಮಾಡುತ್ತ ಕೂತಿದ್ದಳು.

"ಅವ್ವಾ, ಇಲ್ಲಿದ್ದ ಬಾಟ್ಲಿ?"

"ಆದಮ್ಮಗ ಕೊಟ್ಟೀನೋ. ಪಾಪ, ರಸ್ತೆದಾಗ ನೆಲ್ಲು ಒಣಹಾಕಿ ತೂರಾಕತ್ತಿದ್ಲು, ಕಣ್ಣಿಗೆ ಹೊಟ್ಟು ಬಿದ್ದೈತಿ. ನಾಕು ದಿನ ಆತು."

ಆದಮ್ಮನ ಮನೆ ನಮ್ಮ ಓಣಿಯ ತುದಿಯಲ್ಲಿ. ಚಪ್ಪಲಿ ಹಾಕಿಕೊಳ್ಳಲಿಲ್ಲ, ಓಡಿದೆ. ಆಕೆ ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರ ಜೊತೆ ಕೂತಿದ್ದಳು. ಬಾಟಲಿಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು. ನನ್ನನ್ನು ನೋಡಿ ನಕ್ಕಳು.

"ಭಾಳ ಕಡಿಮಿ ಆಗೈತಿ ಚನ್ನವೀರಾ. ನಿಮ್ಮವ್ವನ ಔಷಧ ಛಲೋ ಐತಿ ನೋಡು."

ಅದೇ ಮಾತು. ನಾನು ಆಕೆಯ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದೆ. ಹೊತ್ತು ಮುಳುಗುತ್ತಿತ್ತು, ಕರಿ ಗುಡ್ಡೆಯ ಮೇಲೆ ಚುಕ್ಕೆ ಇದೆಯೋ ಇಲ್ಲವೋ ತಿಳಿಯಲಿಲ್ಲ. ಸೆರಗಿನ ಗಂಟಿಗೆ ಕೈ ಹಾಕಿ ಬಾಟಲಿ ಕಿತ್ತುಕೊಂಡೆ. ಹೆಂಗಸರು ಎದ್ದು ನಿಂತರು.

"ಹುಚ್ಚು ಹಿಡದೈತೇನೋ ನಿನಗ?"

"ಎದ್ದೇಳು, ಸಿಂಧನೂರಿಗೆ ಹೋಗೂಣು. ಈಗಽ. ಇದನ್ನ ಒಂದು ಹನಿನೂ ಹಾಕಬ್ಯಾಡ. ಶಾಹೀಸ್ತಾನ ಕಣ್ಣು ಹೋಗಿದ್ದು ಹೊಟ್ಟಿನಿಂದ ಅಲ್ಲ, ಇದರಿಂದ. ಹಾಕಿದಾಂವ ನಾ. ಡಾಕ್ಟರಗ ತೋರಸಬ್ಯಾಡ ಅಂತ ಹೇಳಿದಾಂವನೂ ನಾ."

ಆದಮ್ಮ ನಿಧಾನಕ್ಕೆ ಕಣ್ಣಿನ ಮೇಲೆ ಅಂಗೈ ಇಟ್ಟುಕೊಂಡಳು. ನನ್ನ ಹಿಂದೆಯೇ ನಡೆದು ಬಂದಿದ್ದ ಅವ್ವ ಗೋಡೆ ಹಿಡಿದು ನಿಂತಿದ್ದಳು.

"ಕರೀಂಸಾಬಗ ಗೊತ್ತೈತೇನೋ ಇದು?" ಆದಮ್ಮ ಕೇಳಿದಳು.

"ಗೊತ್ತೈತಿ. ಮೊದಲ ದಿನದಿಂದನೂ ಗೊತ್ತೈತಿ."

"ಮತ್ತ ನಮಗ ಯಾಕ ಯಾರೂ ಹೇಳಲಿ‌ಲ್ಲೋ?"

ಆದಮ್ಮನ ಕೈ ಹಿಡಿದು ರಸ್ತೆಗೆ ನಡೆದೆ. ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸು ಬಂದು ನಿಂತಿತು. ಅದರಿಂದ ಕರೀಂಸಾಬ್ ಕನ್ನಡಕಗಳ ಚೀಲ ಹಿಡಿದು ಇಳಿದ. ನನ್ನ ಬರಿಗಾಲು ನೋಡಿದ, ಆದಮ್ಮ ಮುಚ್ಚಿಕೊಂಡ ಕಣ್ಣು ನೋಡಿದ, ನನ್ನ ಮುಷ್ಟಿಯಲ್ಲಿದ್ದ ಬಾಟಲಿ ನೋಡಿದ. ಚೀಲ ಹಿಡಿದುಕೊಂಡೇ ತಿರುಗಿ ನಮ್ಮ ಜೊತೆ ಅದೇ ಬಸ್ಸು ಹತ್ತಿದ.